ಬೀಗದ ಹೊಸ ಸಂಖ್ಯೆ

ದೇಗು ನಗರ

ಅತ್ತೆಯವರಿಗೆ,

ನಿನ್ನೆ ನೀವು ನಮ್ಮ ಬಾಗಿಲ ಬೀಗದ ಗುಂಡಿಗಳಲ್ಲಿ ಹಳೆಯ ಸಂಖ್ಯೆಯನ್ನೇ ಮತ್ತೆ ಮತ್ತೆ ಒತ್ತುತ್ತಿದ್ದುದು ಒಳಗೆ ಕೇಳಿಸಿತು. ಬೀಗ ಕೆಟ್ಟಿಲ್ಲ, ನಾನೇ ಸಂಖ್ಯೆ ಬದಲಿಸಿದ್ದೇನೆ. ನೀವು ತರುವ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಯನ್ನು ಇನ್ನು ಮುಂದೆ ಕೆಳಗೆ ಕಾವಲಿನವರ ಬಳಿ ಕೊಟ್ಟುಬಿಡಿ.

ಕಳೆದ ಸಲ ನಾವಿಲ್ಲದಾಗ ಒಳಗೆ ಬಂದು ಮಗಳ ಹಳದಿ ಹೊದಿಕೆಯನ್ನು ಕಸಕ್ಕೆ ಹಾಕಿದಿರಿ. "ಹೋದದ್ದು ಹೋಯ್ತು, ಇನ್ನೊಂದು ಹೆತ್ತರಾಯ್ತಮ್ಮ, ಎಷ್ಟು ದಿನ ಈ ಗೋಳು?" ಎಂದಿರಿ. ಎದುರು ಮನೆಯ ಸುಕ್‌ಜಾ ಅಕ್ಕನಿಗೆ ಹೊಸ ಸಂಖ್ಯೆ ಗೊತ್ತು. ಆದರೂ ಅವರು ಗಂಟೆ ಒತ್ತಿ, "ಒಳಗೆ ಬರ್ಲೇನೇ?" ಎಂದು ಕೇಳಿಯೇ ಬರುತ್ತಾರೆ.

ನಿಮ್ಮ ಮಗನನ್ನು ಕೇಳಬೇಡಿ, ಅವರು ಹೇಳುವುದಿಲ್ಲ. ಸಂಖ್ಯೆ ಗುಟ್ಟಿನದೇನಲ್ಲ. ನಮ್ಮ ಮಗಳು ಬೋರಮ್ ತೀರಿಕೊಂಡ ತಿಂಗಳು ಮತ್ತು ದಿನ, ಅಷ್ಟೇ. ನಿಮಗೆ ನೆನಪಿದ್ದರೆ ಒತ್ತಿ, ಬನ್ನಿ.

ನಿಮ್ಮ ಸೊಸೆ,
ಯೂನ್‌ಹ್ವಾ