ತಂಗಿಯ ಪ್ರಶಸ್ತಿ, ಟೀವಿಗೆ ಸಿಕ್ಕಷ್ಟು

ಮಾರ್ಚ್ ೧೦, ಭಾನುವಾರ

ತಂಗಿಯ ಹೆಸರು ಅಂತಿಮ ಪಟ್ಟಿಯಲ್ಲಿರುವ ಸಿನಿಮಾ ಸಂಕಲನದ ಪ್ರಶಸ್ತಿಯನ್ನು ಈ ವರ್ಷದಿಂದ ನೇರಪ್ರಸಾರಕ್ಕೆ ಮೊದಲೇ ಕೊಟ್ಟು ಮುಗಿಸುತ್ತಾರೆ. ಇದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ಬೆಳಗಿನಿಂದ ಕೊರೆಯುತ್ತಿತ್ತು. ಕೊನೆಗೂ ಹೇಳಲಿಲ್ಲ. ಅವಳು ಆಗಲೇ ಪಕ್ಕದ ಮನೆಯವರನ್ನೆಲ್ಲ ಕರೆದು ಟೀವಿ ಮುಂದೆ ಕೂರಿಸಿದ್ದಳು.

ತಂಗಿ ಗೆದ್ದಳು! ಆದರೆ ಪರದೆಗೆ ಬಂದದ್ದು ಒಂದು ತುಣುಕು ಮಾತ್ರ. ಮೆಟ್ಟಿಲು ಹತ್ತಿದಳು, ಪ್ರತಿಮೆಯನ್ನು ಎದೆಗೊತ್ತಿಕೊಂಡು ಬಾಯಿ ತೆರೆದಳು, ಅಷ್ಟರಲ್ಲಿ ಜಾಹೀರಾತು.

"ಇಷ್ಟೇನಾ? ಜೀವನಪೂರ್ತಿ ಊರವರ ಸಿನಿಮಾನೆಲ್ಲ ಕತ್ತರಿಸಿದ್ಲು, ಈಗ ಅವಳನ್ನೇ ಕತ್ತರಿಸಿಬಿಟ್ರು!" ಅಮ್ಮನ ಮುಖ ಸಣ್ಣದಾಯಿತು.

ಸಮಾಧಾನಕ್ಕೆಂದು ನನ್ನ ಓದನ್ನು ಹೊರತೆಗೆದೆ. "ಈ ಪ್ರಶಸ್ತಿ ಶುರುವಾದ ಮೊದಲನೇ ವರ್ಷ ಇಡೀ ಸಮಾರಂಭಾನೇ ಕಾಲು ಗಂಟೇಲಿ ಮುಗಿದಿತ್ತಂತೆ ಅಮ್ಮ. ಯಾರೂ ಟೀವೀಲಿ ನೋಡ್ಲಿಲ್ಲ."

"ಆಗ ಟೀವಿ ಎಲ್ಲಿತ್ತೇ, ಎಂ.ಎ. ಮಾಡಿದ ಪೆದ್ದಿ?"

ಆಮೇಲೆ ತಂಗಿಯ ಫೋನು ಬಂತು. ಅಮ್ಮ ಎತ್ತಿದವಳೇ ಹರಿಹಾಯ್ದಳು. ಆ ಕಡೆಯಿಂದ ನಗು.

"ಅಮ್ಮಾ, ನಾನೇ ಸಂಕಲನಕ್ಕೆ ಕೂತಿದ್ರೂ ಅಲ್ಲೇ ಕತ್ತರಿ ಹಾಕ್ತಿದ್ದೆ. ಬಾಯಿ ತೆಗೆದೆನಲ್ಲ, ನಿನ್ನ ಹೆಸರು ಹೇಳೋಕೆ ಹೋಗಿ ಗೊಳೋ ಅಂತ ಅತ್ತುಬಿಟ್ಟೆ. ಮೂಗೆಲ್ಲ ಸುರೀತಿತ್ತು. ಮಾತೇ ಬರ್ಲಿಲ್ಲ."

ಅಮ್ಮ ಪಕ್ಕದ ಮನೆಯವರ ಕಡೆ ತಿರುಗಿ, "ನನ್ನ ಹೆಸರು ಹೇಳೋಕೆ ಹೋಗಿದ್ಲಂತೆ" ಎಂದಳು, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ.

ಕಣ್ಣೆಳೆಯುತ್ತಿದೆ. ಪಕ್ಕದ ಕೋಣೆಯಲ್ಲಿ ಅಮ್ಮ ಆ ತುಣುಕನ್ನು ಫೋನಿನಲ್ಲಿ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಿದ್ದಾಳೆ. ತಂಗಿ ಬಾಯಿ ತೆರೆಯುವಲ್ಲಿಗೆ ಬಂದಾಗಲೆಲ್ಲ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳುತ್ತಾಳೆ.