ತುಳಸಿ ಹೊತ್ತ ಇನ್ನೊಂದು ತಲೆ

ಖಾಸಬಾಗ, ಬೆಳಗಾವಿ
ಮಾಘ ಹುಣ್ಣಿಮೆ, ೧ ಫೆಬ್ರುವರಿ ೨೦೨೬

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆ ಕುಂದಾಳ ನಮಸ್ಕಾರ.

ಜೋಳ ಹಸನು ಮಾಡುವಾಗ ನೀವು ಗುನುಗುವ ಹಾಡು "ಹೊತ್ತ ತುಳಸಿ ಹಗುರ" ಎಂದು ಮುಗಿಯುತ್ತದಲ್ಲ, ಅದರ ಮೊದಲರ್ಧ ಏನು? ಪಂಢರಪುರದ ದಾರಿಯುದ್ದಕ್ಕೂ ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನೆನಪಿರುವ ಅರ್ಧವೂ ನಿಜವೇ ಎಂದು ಅನುಮಾನ ಬಂದಿದೆ. ನನ್ನ ಕುತ್ತಿಗೆಯಂತೂ ಅದನ್ನು ಒಪ್ಪುವುದಿಲ್ಲ. ಇರಲಿ, ನಿಮ್ಮ ಮೊಣಕಾಲು ಹೇಗಿದೆ? ಆಪರೇಶನ್ ಆದ ಕಾಲನ್ನು ಮಡಚಲು ಬರುತ್ತಿದೆಯೇ? ಪುಣೆಯ ಚಳಿಯಲ್ಲಿ ಬೆಳಿಗ್ಗೆ ತಣ್ಣೀರು ಮುಟ್ಟಬೇಡಿ. ಮಗಳ ಮನೆಯಲ್ಲಿ ಸಂಕೋಚ ಮಾಡಿಕೊಂಡು ಅರ್ಧ ಊಟಕ್ಕೇ ಏಳಬೇಡಿ. ಮತ್ತೆ, ಈ ಕಾಗದವನ್ನು ಸಾಯಲಿಯ ಕೈಗೆ ಕೊಟ್ಟು ಓದಿಸಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ. ಫೋನಿನಲ್ಲಿ ಹೇಳಿದ್ದರೆ ನಡುವೆಯೇ ಇಟ್ಟುಬಿಡುತ್ತಿದ್ದಿರಿ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಬದಲಿಗೆ ಪಂಢರಪುರದ ಮಾಘವಾರಿಯ ಯಾತ್ರೆ ನಡೆದು ಬಂದೆ. ಖಾನಾಪುರದಲ್ಲಿ ನಮ್ಮ ಯಾತ್ರಿಕರ ಗುಂಪು, ದಿಂಡಿ, ಹೊರಟ ದಿನ ನನ್ನ ಬೆನ್ನ ಮೇಲಿನ ಚೀಲ ನೋಡಿ ದಿಂಡಿಯ ಹಿರಿಯ ಬೀರಣ್ಣ ನಕ್ಕುಬಿಟ್ಟರು. "ಅಕ್ಕಾರ, ಲಗ್ನಕ್ಕ ಹೊಂಟೀರೇನ್ರಿ?" ಎಂದು ಕೇಳಿ, ಎರಡು ಸೀರೆ, ಒಂದು ತಾಟು, ಒಂದು ಚಾದರ ಬಿಟ್ಟು ಉಳಿದದ್ದನ್ನೆಲ್ಲ ನಿಮ್ಮ ಮಗನ ಕೈಯಲ್ಲಿ ವಾಪಸ್ ಕಳಿಸಿದರು. ನಮ್ಮ ಪಾಲಿನ ಜೋಳದ ಹಿಟ್ಟನ್ನು ದಿಂಡಿಯ ಟೆಂಪೋದಲ್ಲಿ ಹಾಕಿದೆ, ಮತ್ತೆ ಖರ್ಚೆಂಬುದೇ ಇರಲಿಲ್ಲ. ಹೊತ್ತು ಮುಳುಗಿದಲ್ಲಿ ಶಾಲೆಯ ಪಡಸಾಲೆ, ಊರವರು ತಂದ ರೊಟ್ಟಿ, ಝುಣಕ. ಕಬ್ಬಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ನಿಂತಾಗಲೆಲ್ಲ ಯಾರಾದರೂ ಒಂದು ಜಲ್ಲೆ ಎಳೆದುಕೊಡುತ್ತಿದ್ದರು. ಮಿರಜ ದಾಟುವುದರೊಳಗೆ ಅಂಗಾಲೆಲ್ಲ ಬೊಬ್ಬೆ. "ಎಂ.ಎ. ಮಾಡಿದವರ ಕಾಲಿಗೂ ಬೊಬ್ಬಿ ಏಳತಾವ ಅಂದಂಗಾತು" ಎಂದರು ಬೀರಣ್ಣ. ಬೊಬ್ಬೆಗೆ ಎಣ್ಣೆ ಹಚ್ಚಿದವರೂ ಅವರೇ.

ತುಳಸಿಯ ವಿಷಯಕ್ಕೆ ಬರುತ್ತೇನೆ. ನಡಿಗೆ ಶುರುವಾದರೆ ಬಿಡಾರ ಬರುವವರೆಗೆ ತಲೆಯ ಮೇಲಿನ ಹಿತ್ತಾಳೆಯ ವೃಂದಾವನ ನೆಲ ಮುಟ್ಟಬಾರದು, ತಲೆಯಿಂದ ತಲೆಗೇ ಹೋಗಬೇಕು, ಅದೂ ನಮ್ಮ ದಿಂಡಿಯವರಿಗೆ ಮಾತ್ರ ಕೊಡಬೇಕು ಎಂದು ನೀವು ಹೇಳಿ ಕಳಿಸಿದ್ದಿರಿ. ಸಾಂಗೋಲೆಯ ಈಚೆಗೆ ಬಿಸಿಲಲ್ಲಿ ನನ್ನ ಕಣ್ಣು ಕತ್ತಲಿಟ್ಟಿತು. ನಮ್ಮವರೆಲ್ಲ ಮುಂದೆ ಹೋಗಿದ್ದರು. ಹಿಂದಿನ ದಿಂಡಿಯಿಂದ ವಯಸ್ಸಾದ ಹೆಂಗಸೊಬ್ಬರು ಓಡಿದಂತೆ ಬಂದು, "ಮಾವುಲಿ" ಎಂದು ನನ್ನ ಕಾಲು ಮುಟ್ಟಿ, ತುಳಸಿಯನ್ನು ತಮ್ಮ ತಲೆಗೆ ತೆಗೆದುಕೊಂಡರು. ನಾನೂ ಅವರ ಕಾಲು ಮುಟ್ಟಿದೆ. ವಾರಿಯಲ್ಲಿ ಎಲ್ಲರೂ ಎಲ್ಲರಿಗೂ ತಾಯಿಯೇ, ಹೆಸರು ಯಾರು ಕೇಳುತ್ತಾರೆ? ಸಂಜೆಯವರೆಗೆ ಅವರೇ ಹೊತ್ತರು. ಒಂದು ಕೈಯಿಂದಲೂ ಹಿಡಿಯದೆ, ಥೇಟ್ ನಿಮ್ಮ ಹಾಗೆ.

ಬಿಡಾರದಲ್ಲಿ ತುಳಸಿ ಇಳಿಸಿದ ಮೇಲೆ ಅವರು ಆ ಹಿತ್ತಾಳೆಯ ಅಂಚಿನ ನೆಗ್ಗನ್ನು ಬೆರಳಿನಿಂದ ಸವರುತ್ತ ಕುಳಿತರು. "ಇದು ನಾ ಸಣ್ಣಾಕಿ ಇದ್ದಾಗ ಬಾವಿಕಟ್ಟಿ ಮ್ಯಾಲಿಂದ ಕೆಡವಿದ್ದವಾ. ಅಕ್ಕ ತಾನ ಕೆಡವೇನಂತ ಹೇಳಿ ಅವ್ವನ ಕಡೆ ಏಟು ತಿಂದ್ಲು" ಎಂದರು. ಆಗ ಹೆಸರು ಕೇಳಿದೆ. ಅತ್ತೆ, ಅವರು ಗುಂಜಿಯ ಪ್ರಮಿಳಾ, ನಿಮ್ಮ ತಂಗಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರ ಬಗ್ಗೆ ಕೇಳಿದಾಗ "ನನಗ ತಂಗಿ ಅದಾಳ ಅಂತ ಯಾರು ಹೇಳಿದ್ರು?" ಎಂದಿದ್ದಿರಿ. ನಿಮ್ಮ ಅವ್ವ ಹೋದ ಮೇಲೆ ಈ ತುಳಸಿ ಯಾರ ತಲೆಗೆ ಎಂಬ ಮಾತಿಗೇ ಮುರಿದದ್ದು ಎಂದು ಆಮೇಲೆ ನಿಮ್ಮ ಮಗನಿಂದ ತಿಳಿದಿತ್ತು.

ಪ್ರತಿ ಮಾಘಕ್ಕೂ ಅವರು ನಿಮ್ಮ ಹಿಂದಿನ ದಿಂಡಿಯಲ್ಲೇ ನಡೆಯುತ್ತಾರಂತೆ, ಮುಂದೆ ಹೋಗುವ ಆ ತುಳಸಿಯನ್ನು ನೋಡುತ್ತ. "ಈ ವರ್ಷ ತುಳಸಿ ಕಂಡ್ತು, ಕೆಳಗ ಅಕ್ಕನ ತಲಿ ಕಾಣಲಿಲ್ಲ. ಜೀವಾನ ಹಾರಿತು. ಕೇಳಾಕ ಬಾಯಿ ಬರಲಿಲ್ಲ" ಎಂದರು. ಸಂಜೆಯವರೆಗೆ ನನ್ನ ಬಾಜು ನಡೆದೂ ಕೇಳಿರಲಿಲ್ಲ, ಅತ್ತೆ. ನೀವು ಚೆನ್ನಾಗಿದ್ದೀರಿ, ಬರೀ ಮೊಣಕಾಲಿನ ನೋವು ಎಂದಾಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು, ಆಮೇಲೆ "ಸಣ್ಣಾಕಿ ಇದ್ದಾಗಿಂದ ಗಿಡ ಹತ್ತಾಕಿ, ಮೊಣಕಾಲು ಹೋಗದ ಏನ ಆಗತೈತಿ" ಎಂದು ಬೈದರು. ಅಲ್ಲಿಂದ ಪಂಢರಪುರದ ಚಂದ್ರಭಾಗೆ ಹೊಳೆಯವರೆಗೆ ಇಬ್ಬರೂ ಸರದಿಯಂತೆ ಹೊತ್ತೆವು. ನೀವು ಬೇಡವೆಂದದ್ದನ್ನು ತಿಳಿದೇ ಮಾಡಿದೆ. ಬೈಯಬೇಕಾದರೆ ನನ್ನನ್ನು ಬೈಯಿರಿ.

ದರ್ಶನದ ಸಾಲು ಬಹಳ ಉದ್ದ ಇತ್ತು, ಕಳಸಕ್ಕೇ ಕೈಮುಗಿದು ಬಂದೆವು. ಪ್ರಸಾದದ ಚುರುಮುರಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಸಾಯಲಿಗೂ ಮಕ್ಕಳಿಗೂ ಕೊಡಿ. ನಿಮ್ಮ ಮಗ ಈಗಷ್ಟೇ ನಿಮಗೆ ನಮಸ್ಕಾರ ಹೇಳಿ ಸ್ನಾನಕ್ಕೆ ಹೋದರು.

ನಿಮ್ಮ ಕಾಲು ಬೇಗ ನೆಲಕ್ಕೆ ಗಟ್ಟಿಯಾಗಿ ಊರಲಿ ಎಂದು ಬೇಡುವ,
ಕುಂದಾ

ತಾ.ಕ.: ಇದನ್ನು ಪುಣೆಯ ಬಸ್ಸಿಗೆ ಕೊಟ್ಟು ಕಳಿಸಲು ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀವು ಪುಣೆಯಿಂದ ಬರುವ ದಿನ ಪ್ರಮಿಳಾ ಅತ್ತೆಯವರನ್ನೂ ಗುಂಜಿಯಿಂದ ಕರೆಸಲೇ? ಹೂಂ ಎನ್ನಿ ಸಾಕು. ನಿನ್ನೆ ತುಳಸಿ ತಲುಪಿಸಲು ನನ್ನ ಜೊತೆ ಮನೆಯವರೆಗೆ ಬಂದವರು, ಎಷ್ಟು ಕರೆದರೂ "ಅಕ್ಕ ಬಾ ಅನ್ನೂತನಕ ಹೊಸ್ತಲಾ ದಾಟೂದಿಲ್ಲ" ಎಂದು ಮೆಟ್ಟಿಲ ಮೇಲೆಯೇ ಕುಳಿತು ಚಹಾ ಕುಡಿದು ರೈಲಿಗೆ ಹೋದರು. ಅವರು ಇನ್ನೂ ಮೆಟ್ಟಿಲ ಮೇಲಿದ್ದಾಗ ಪಕ್ಕದ ಮನೆಯ ನೂರಜಹಾನ ತಮ್ಮ ಬಾಗಿಲಿಗೆ ಬಂದಿದ್ದರು. ಹಿಂದಿನಿಂದ ಪ್ರಮಿಳಾ ಅತ್ತೆಯವರನ್ನು ಕಂಡು ನೀವೇ ಎಂದುಕೊಂಡು ಕೇಳಿದರು: "ಅಮ್ಮಾರ, ಪುಣೇದಿಂದ ಯಾವಾಗ ಬಂದ್ರಿ? ನಿಮ್ಮ ಮನಿ ಇಟ್ಕೊಂಡು ಹೊರಗ ಯಾಕ ಕುಂತೀರಿ?"