ಒಂದು ರಾತ್ರಿ ತಂಗಿದವನ ಚೀನಾ

೧೨ ಸೆಪ್ಟೆಂಬರ್ ೨೦೦೬, ಮಂಗಳವಾರ
ಪಂಗಾನಿಯಲ್ಲಿ ಮಟಾಟು ವ್ಯಾನು ಕೆಟ್ಟು ನಿಂತಿತು. ಓಡುತ್ತಲೇ ಸ್ಕೂಲು ತಲುಪಿದೆ. ಒಂಬತ್ತನೇ ಕ್ಲಾಸು, ಹಿಸ್ಟರಿ, ಚೀನಾದ ಕ್ಷಾಮ. ನೂರು ವರ್ಷದ ಹಿಂದೆ ಅಲ್ಲಿ ಓಡಾಡಿದ ಇಂಗ್ಲಿಷ್ ಪ್ರವಾಸಿಯೊಬ್ಬನ ಪುಸ್ತಕದಿಂದ ನಾನೇ ತಯಾರಿಸಿದ ವರ್ಕ್‌ಶೀಟು. ಗಟ್ಟಿಯಾಗಿ ಓದಲು ಲಿನ್‌ಗೆ ಹೇಳಿದೆ — ಕ್ಲಾಸಿನ ಒಬ್ಬಳೇ ಚೀನೀ ಹುಡುಗಿ. ಯಾಕೆ ಅವಳಿಗೇ ಹೇಳಿದೆನೋ... "ಈ ಊರಿನ ತಾಯಂದಿರು ಸತ್ತ ಮಕ್ಕಳಿಗಾಗಿ ಅಳುವುದಿಲ್ಲ." ಅಲ್ಲಿಗೇ ನಿಲ್ಲಿಸಿದಳು.
"ಮಿಸ್, ದಟ್ಸ್ ಮೈ ಫ್ಯಾಮಿಲೀಸ್ ಟೌನ್."
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಬ್ಯಾಗು ಎತ್ತಿಕೊಂಡು ಹೊರಟೇ ಹೋದಳು.

೧೩, ಬುಧವಾರ
ಲಿನ್ ಬಂದಿಲ್ಲ.

೧೮, ಸೋಮವಾರ
ಇವತ್ತೂ ಇಲ್ಲ. ಅವಳಪ್ಪ ಎಂಬಕಸಿಯ ಕಾರ್ಗೋ ಆಫೀಸಿನಿಂದ ನೇರ ಬಂದರು. ಪ್ರಿನ್ಸಿಪಾಲ್ ಆಲ್ಫ್ರೆಡ್ ಎದುರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.
"ನನ್ನಜ್ಜಿ ಆ ಊರಿನವಳು. ಮೂರು ಮಕ್ಕಳು ಹೋದವು. ಸಾಯುವವರೆಗೂ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಪರದೇಶಿಯೊಬ್ಬ ನೋಡಲಿ ಅಂತ ಬೀದಿಗೆ ಬಂದು ಅಳಬೇಕಿತ್ತೇ, ಮೇಡಂ?"

ಸಂಜೆ ೬
ಪುಸ್ತಕ ತೆಗೆದು ನೋಡಿದೆ. ಏನೋ ಬಿಟ್ಟಿದ್ದೇನೆಂಬ ಅನುಮಾನ ನಿಜ. ಲಿನ್ ಓದಿದ ಸಾಲಿನ ಮುಂದಿನ ಸಾಲು: "ಇಲ್ಲಿ ತಂಗಿದ್ದು ಒಂದೇ ರಾತ್ರಿ, ದುಭಾಷಿ ಇರಲಿಲ್ಲ." ಒಂದೇ ಪುಟದಲ್ಲಿ ಹಿಡಿಸಲೆಂದು ನಾನೇ ಹೊಡೆದುಹಾಕಿದ್ದೆ. ಪೆನ್ಸಿಲ್ ಗೆರೆ ಹಾಗೇ ಇದೆ. ಎರಡು ವರ್ಷದಿಂದ ಇದನ್ನೇ ಓದಿಸಿದ್ದೇನೆ.
ಸಂಕೇತ್ ಫ್ಯಾಕ್ಟರಿಯಿಂದ ಬಂದ. ಹೇಳಿದೆ.
"ಸುಮ್ನಿರೇ ಮೃಣಾಲಿನಿ. ಬರ್ದಿದ್ದು ಅವ್ನು ತಾನೆ? ನವೆಂಬರಲ್ಲಿ ನಿನ್ ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಬೇಕು, ನೆನಪಿರ್ಲಿ."
ಗಂಡನ ಮುಖ ನೋಡಲಾಗಲಿಲ್ಲ.

೧೯, ಮಂಗಳವಾರ
ಆಲ್ಫ್ರೆಡ್‌ಗೆ ಹೇಳಿಬಿಟ್ಟೆ. ಎದ್ದು ಬಾಗಿಲು ಮುಚ್ಚಿದರು. "ಪ್ರಿಂಟಿಂಗ್ ಮಿಸ್ಟೇಕ್ ಅನ್ನಿ. ಶುಕ್ರವಾರ ಅಪ್ಪ-ಮಗಳನ್ನು ಕರೆಸುತ್ತೇನೆ." ತಲೆಯಾಡಿಸಿ ಬಂದೆ. ಹೇಡಿ.

೨೨, ಶುಕ್ರವಾರ, ಮಧ್ಯಾಹ್ನ, ಕ್ಲಾಸ್‌ರೂಮಿನಲ್ಲೇ
ಇಬ್ಬರೂ ಬಂದರು. ಆಲ್ಫ್ರೆಡ್ ಗೋಡೆಗೊರಗಿ ನಿಂತಿದ್ದರು. ಇಡೀ ಕ್ಲಾಸು ನೋಡುತ್ತಿತ್ತು. ಪ್ರಿಂಟಿಂಗ್ ಮಿಸ್ಟೇಕ್ ಎನ್ನಬೇಕಿತ್ತು... ಚಾಕ್ ಎತ್ತಿಕೊಂಡೆ. ಬಿಟ್ಟ ಸಾಲನ್ನು ಬೋರ್ಡಿನ ಮೇಲೆ ಬರೆದೆ. ತೆಗೆದವಳು ನಾನು, ಎಂದೆ. ಆಲ್ಫ್ರೆಡ್ ಹೊರಗೆ ನಡೆದರು.
ಲಿನ್ ಎದ್ದಳು. "ವಾಟ್ ಎಲ್ಸ್ ಡಿಡ್ ಯು ಟೇಕ್ ಔಟ್, ಮಿಸ್?"
ನೆನಪಿಲ್ಲ. ನಿಜವಾಗಿಯೂ ನೆನಪಿಲ್ಲ. ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ, ಕಪಾಟಿನಲ್ಲಿದ್ದ ಅಷ್ಟೂ ವರ್ಕ್‌ಶೀಟು, ಪುಸ್ತಕ ಇಳಿಸಿ ಅವಳ ಮುಂದಿಟ್ಟೆ. ಅಪ್ಪ ಕುರ್ಚಿ ಎಳೆದುಕೊಂಡರು. ಸಾಲಿಗೆ ಸಾಲು ಹೋಲಿಸಿ ನೋಡುತ್ತಿದ್ದಾರೆ, ಈಗಲೂ. ಮೂರನೆಯ ಹಾಳೆಯಲ್ಲಿ ಲಿನ್ ಬೆರಳು ನಿಂತಿದೆ. ಬಾಗಿಲಲ್ಲಿ ಆಲ್ಫ್ರೆಡ್, ಕೈಯಲ್ಲೊಂದು ಕವರು, ಮೇಲೆ ನನ್ನ ಹೆಸರು. ಕರೆಯುತ್ತಿದ್ದಾರೆ. ಒಂದು ನಿಮಿಷ ಅಂದೆ. ಲಿನ್ ಏನೋ ಕೇಳು—